ಒಂದೇ ನಂಬರಿನ ನಲವತ್ಮೂರು ಜನ

ಕಳೆದ ವಾರ ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಊರು ದಾಟಿ ಸ್ವಲ್ಪ ದೂರ ಹೋಗುತ್ತಿದ್ದ ಹಾಗೆ ತೆರೆದ ಕಿಟಕಿಯಿಂದ ಬ್ಯಾರನ್ ವಾಸನೆ ಬಂತು. ಹೊಗೆಸೊಪ್ಪು ಬೇಯಿಸುವ ಎತ್ತರದ ಗೂಡುಗಳನ್ನು ನಮ್ಮ ಕಡೆ ಬ್ಯಾರನ್ ಎನ್ನುತ್ತೇವೆ. ಹಸಿರೆಲೆ ಒಳಗೆ ಕಾವಿಗೆ ಹಳದಿಯಾಗುವಾಗ ಬರುವ ಆ ವಾಸನೆ ಸಿಹಿಯೂ ಹೌದು, ಗಂಟಲು ಕೆರೆಯುವಂಥದ್ದೂ ಹೌದು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು ಕಿಟಕಿ ಹಾಕು ಎಂದಳು. ನಾನು ಹಾಕಲಿಲ್ಲ. ನನಗೆ ಆ ವಾಸನೆ ಬಂದರೆ ಒಂದೇ ಒಂದು ಮಳೆಗಾಲ ನೆನಪಾಗುತ್ತದೆ. ಹಳೆಯ ಸ್ಕೂಟಿಯಲ್ಲಿ ನಾಲ್ಕು ತಾಲೂಕು ಸುತ್ತಿ, ಒಂದು ಆಪ್‌ಗೆ ಜನ ಹುಡುಕಿದ ಮಳೆಗಾಲ.

ಆಪ್‌ನ ಹೆಸರು ‘ಬತ್ತೀರಾ’. ಮೈಸೂರಿನಲ್ಲಿ ನನ್ನ ಜೊತೆ ಡಿಪ್ಲೊಮಾ ಓದಿದ ನವೀನ, ಇದ್ದ ಕೆಲಸ ಬಿಟ್ಟು, ಇನ್ನಿಬ್ಬರನ್ನು ಕಟ್ಟಿಕೊಂಡು ಮಾಡಿದ್ದು. ಅವನು ಅದಕ್ಕೆ ಏನೋ ಇಂಗ್ಲಿಷ್ ಹೆಸರಿಟ್ಟಿದ್ದ. ನಮ್ಮ ಬಿಳಿಕೆರೆಯಲ್ಲಿ ಅದಕ್ಕೆ ಯಾರ ನಾಲಿಗೆಯೂ ಹೊರಳುವುದಿಲ್ಲ ಎಂದು ಜಗಳವಾಡಿ ಬದಲಾಯಿಸಿದವಳು ನಾನು. ವಿಷಯ ಸರಳ. ನಾಳೆ ಬೆಳಿಗ್ಗೆ ನೀವು ಎಚ್.ಡಿ. ಕೋಟೆಯಿಂದ ಮೈಸೂರಿಗೆ ಕಾರಿನಲ್ಲಿ ಹೊರಟಿದ್ದೀರಿ, ಮೂರು ಸೀಟು ಖಾಲಿ ಇದೆ. ಅದನ್ನು ಆಪ್‌ನಲ್ಲಿ ಹಾಕುತ್ತೀರಿ. ದಾರಿಯ ಊರಿನವರು ಫೋನಿನಲ್ಲೇ ಸೀಟು ಹಿಡಿಯುತ್ತಾರೆ, ಇಳಿಯುವಾಗ ಪೆಟ್ರೋಲಿಗೆ ಅಷ್ಟೋ ಇಷ್ಟೋ ಕೊಡುತ್ತಾರೆ. ನಾನು ಅದಕ್ಕೂ ಮೊದಲು ಐದು ವರ್ಷ ಹಳ್ಳಿ ಹಳ್ಳಿಗೆ ಹೋಗಿ ಸಿಮ್ ಕಾರ್ಡ್ ಮಾರಿದವಳು. ಆದ್ದರಿಂದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ನಿನ್ನದು ಎಂದು ನವೀನ ಪಾಳೇಪಟ್ಟು ಹಂಚಿದ ಹಾಗೆ ಹಂಚಿಬಿಟ್ಟ. ಜೊತೆಗೆ ಒಂದು ಗಡುವನ್ನೂ ಕೊಟ್ಟ. ಆಪ್‌ಗೆ ಬಂಡವಾಳ ಹಾಕಲು ಒಪ್ಪಿದ್ದವರೊಬ್ಬರು ಗೌರಿ ಹಬ್ಬದ ಹೊತ್ತಿಗೆ ನಿಜವಾದ ಜನ ಬಳಸುತ್ತಿರುವುದನ್ನು ನೋಡಬೇಕು ಎಂದಿದ್ದರಂತೆ. ನಿಜವಾದ ಜನ ಎನ್ನುವ ಮಾತನ್ನು ಅವನು ಎರಡು ಸಲ ಹೇಳಿದ. ಅಷ್ಟರೊಳಗೆ ಜನ ಬರದಿದ್ದರೆ ಅಂಗಡಿ ಮುಚ್ಚುವುದು, ಅವನು ಹಳೆಯ ಕೆಲಸಕ್ಕೆ, ನಾನು ಹಳೆಯ ಸಿಮ್ಮಿಗೆ.

ಆಪ್ ಆಮೇಲೆ ಎರಡು ವರ್ಷ ನಡೆದು ನಿಂತಿತು. ಅದರ ಬಗ್ಗೆ ನನಗೆ ದುಃಖ ಕಡಿಮೆ. ಆ ಮಳೆಗಾಲದಲ್ಲಿ ನಾನು ಕಂಡದ್ದು ಆಪ್‌ಗಿಂತ ದೊಡ್ಡದು.

ಮೊದಲ ಒಂದು ತಿಂಗಳು ನಾನು ಕಂಡದ್ದು ಬರೀ ನಗು. ಹುಣಸೂರಿನ ಬಸ್ ನಿಲ್ದಾಣದಲ್ಲಿ ಕರಪತ್ರ ಹಂಚಿದರೆ, ಹೆಂಗಸರು ಆಧಾರ್ ಕಾರ್ಡ್ ತೋರಿಸಿ, ನಮಗೆ ಬಸ್ಸೇ ಫ್ರೀ, ನಿನ್ನ ಕಾರು ಯಾರಿಗೆ ಬೇಕು ಎಂದರು. ಆಟೋದವರು ನಾನು ಅವರ ಹೊಟ್ಟೆಯ ಮೇಲೆ ಹೊಡೆಯಲು ಬಂದವಳೆಂದು ಸ್ಕೂಟಿಯ ಗಾಳಿ ಬಿಟ್ಟರು. ಪಿರಿಯಾಪಟ್ಟಣದಲ್ಲಿ ಒಬ್ಬರು ಆಪ್ ಹಾಕಿಸಿಕೊಂಡು, ಇದರಲ್ಲಿ ಹೊಗೆಸೊಪ್ಪಿನ ರೇಟು ಎಲ್ಲಿ ತೋರಿಸುತ್ತದೆ ಎಂದು ಕೇಳಿದರು. ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದವರು ಭೇರ್ಯದ ಕಡೆಯ ಒಬ್ಬ ಗದ್ದೆಯ ಯಜಮಾನರು. ದೊಡ್ಡ ಕಾರು, ವಾರಕ್ಕೆ ಮೂರು ಸಲ ಮೈಸೂರು. ಅವರನ್ನು ಒಪ್ಪಿಸಿದರೆ ಇಡೀ ಭೇರ್ಯ ಬರುತ್ತದೆಂದು ಅರ್ಧ ದಿನ ಅವರ ಜಗಲಿಯ ಮೇಲೆ ಕೂತೆ. ಅವರು ನನ್ನ ಕರಪತ್ರದಲ್ಲಿ ‘ನಿಮ್ಮ ಪೆಟ್ರೋಲ್ ಖರ್ಚು ಗಳಿಸಿ’ ಎಂದಿದ್ದ ಸಾಲಿನ ಮೇಲೆ ಬೆರಳಿಟ್ಟು ಹೇಳಿದರು:

“ದಾರೀಲಿ ಕೈ ಅಡ್ಡ ಆಕ್ದೋರ್ನ ನಾನು ಕೂರಿಸ್ಕೊಂಡೇ ಓಯ್ತೀನಿ. ಆದ್ರೆ ಇಳ್ಯೋವಾಗ ಕಾಸು ಈಸ್ಕೊಂಡೆ ಅಂತ ಸುದ್ದಿ ಆದ್ರೆ, ನಾಳೆ ಅರಳಿಕಟ್ಟೆ ಮುಂದೆ ಎಂಗೆ ತಲೆ ಎತ್ಕಂಡ್ ಓಗ್ಲವ್ವ?”

ಕರಪತ್ರ ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದೆ. ಎಲ್ಲ ಕಾರಿನವರದೂ ಅದೇ ಪಾಡಾಗಿತ್ತು. ಕೂರಿಸಿಕೊಳ್ಳಲು ಅಡ್ಡಿಯಿಲ್ಲ, ಕಾಸು ಮುಟ್ಟಲು ಮರ್ಯಾದೆ ಅಡ್ಡ. ನವೀನನಿಗೆ ಫೋನು ಮಾಡಿ, ನೀನು ಬರೆದ ಲೆಕ್ಕದಲ್ಲಿ ಮರ್ಯಾದೆಗೆ ಜಾಗವೇ ಇಲ್ಲವಲ್ಲೋ ಎಂದು ಕೂಗಾಡಿದೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಅಮ್ಮ ಹೇಳುವಂತೆ, ಕೋಪ ಮೊದಲು, ಕಾರಣ ಆಮೇಲೆ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಆದ ಅನಾಹುತವೆಲ್ಲ ಅದರಿಂದಲೇ.

ಆಷಾಢ ಮುಗಿಯುವ ಹೊತ್ತಿಗೆ ಆಪ್‌ನಲ್ಲಿ ಇದ್ದಕ್ಕಿದ್ದಂತೆ ಸೀಟುಗಳು ತುಂಬತೊಡಗಿದವು. ಎಲ್ಲ ಕೋಟೆ ತಾಲೂಕಿನ ಕಡೆ, ಹಂಪಾಪುರದ ಆಸುಪಾಸು. ಕಾರುಗಳು ಹೆಸರು ಹಾಕಿದ್ದವು, ಜೀಪು ಹಾಕಿತ್ತು, ಶುಂಠಿ ಸಾಗಿಸುವ ಪಿಕಪ್ ಒಂದೂ ಹಾಕಿತ್ತು. ನಾನು ಖುಷಿಯಿಂದ ಅಮ್ಮನಿಗೆ ಫೋನು ತೋರಿಸಿದೆ. ಎರಡು ಮೂರು ವಾರ ಕಳೆದ ಮೇಲೆ ನವೀನ ಕೇಳಿದ, ಈ ಸೀಟುಗಳನ್ನೆಲ್ಲ ಹಿಡಿಯುತ್ತಿರುವವರು ಯಾರು ನೋಡಿದೆಯಾ ಎಂದು. ನೋಡಿದೆ. ಎಲ್ಲವೂ ಒಂದೇ ನಂಬರು. ಒಂದೇ ಹೆಸರು, ಪಿ. ತಾಯಮ್ಮ. ಈ ತಾಯಮ್ಮ ಬೆಳಿಗ್ಗೆ ಏಳೂವರೆಗೆ ಒಂದು ಕಾರಿನಲ್ಲಿ ಮೈಸೂರಿಗೆ ಹೋಗುತ್ತಾಳೆ, ಅದೇ ಏಳೂವರೆಗೆ ಇನ್ನೊಂದು ಜೀಪಿನಲ್ಲಿ ಸರಗೂರಿಗೂ ಹೋಗುತ್ತಾಳೆ, ಎಂಟಕ್ಕೆ ಕೋಟೆಗೆ ಎರಡು ಸೀಟು. ಒಂದೊಂದು ದಿನ ಇಪ್ಪತ್ತು, ಮೂವತ್ತು ಸೀಟು. ಇಷ್ಟು ಓಡಾಡಿದರೂ ಕೊಟ್ಟ ಹಣದ ಜಾಗದಲ್ಲಿ ಸದಾ ಸೊನ್ನೆ.

ಯಾವನೋ ಡ್ರೈವರು ಹೆಂಡತಿಯ ಫೋನಿನಲ್ಲಿ ಸುಳ್ಳು ಸವಾರಿ ಹುಟ್ಟಿಸಿ, ಹೊಸಬರಿಗೆ ನಾವು ಕೊಡುತ್ತಿದ್ದ ಕೂಪನ್ನಿಗೆ ಗಾಳ ಹಾಕುತ್ತಿದ್ದಾನೆ ಎಂದು ನನಗೆ ಖಚಿತವಾಯಿತು. ನವೀನ, ಒಂದು ಸಲ ವಿಚಾರಿಸು ಎಂದ. ವಿಚಾರಿಸುವುದೇನು ಬಂತು, ಕಳ್ಳನನ್ನು ಕೇಳಿ ಬಾಗಿಲು ಹಾಕುತ್ತಾರೆಯೇ ಎಂದೆ. ನನ್ನ ಫೋನಿನಲ್ಲೇ ಯಾವುದೇ ನಂಬರನ್ನು ತಡೆಯುವ ಗುಂಡಿಯಿತ್ತು. ಅದು ಶ್ರಾವಣದ ಒಂದು ಮಂಗಳವಾರದ ಸಂಜೆ. ಒತ್ತಿದೆ. ತಾಯಮ್ಮ ಹಿಡಿದಿದ್ದ ಮುಂದಿನ ಸೀಟುಗಳೆಲ್ಲ ಒಂದೇ ಏಟಿಗೆ ರದ್ದಾದವು, ಕಾರಿನವರಿಗೆಲ್ಲ ರದ್ದಾಯಿತೆಂದು ಸಂದೇಶ ಹೋಯಿತು. ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತೆಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಬುಧವಾರ ಬೆಳಿಗ್ಗೆ ಐದೂವರೆಗೆ ರೈನ್‌ಕೋಟು ಹಾಕಿಕೊಂಡು ಹೊರಟೆ, ಆ ಕಳ್ಳನ ಮುಖ ನೋಡಬೇಕೆಂದು. ಸೋನೆ ಬಿಡದೆ ಹಿಡಿದಿತ್ತು. ಸೀಟುಗಳೆಲ್ಲ ಹೊರಡುತ್ತಿದ್ದ ಜಾಗ ಮಾನಂದವಾಡಿ ರಸ್ತೆಗೆ ಅಂಟಿಕೊಂಡ ಒಂದು ಹಳ್ಳಿ. ಅದರ ಹೆಸರು ಬರೆಯುವುದಿಲ್ಲ. ಬರೆದರೆ ನನ್ನನ್ನು ಬಯ್ಯುವವರು ಅಲ್ಲಿ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ನಕ್ಷೆಯ ಚುಕ್ಕೆ ನನ್ನನ್ನು ರಸ್ತೆ ಬದಿಯ ಹಾಲಿನ ಡೈರಿಯ ಮುಂದೆ ತಂದು ನಿಲ್ಲಿಸಿತು. ಶೀಟಿನ ಸೂರು, ಮುಂದೆ ಕಲ್ಲಿನ ಕಟ್ಟೆ, ಹಾಲಿನ ಕ್ಯಾನು ಹಿಡಿದು ನಿಂತ ಸಾಲು. ಒಳಗೆ ಐವತ್ತು ದಾಟಿದ ಒಬ್ಬ ಹೆಂಗಸು ಒಂದು ಕೈಯಲ್ಲಿ ಹಾಲು ಅಳೆಯುತ್ತ, ಇನ್ನೊಂದು ಕೈಯಲ್ಲಿ ಫೋನನ್ನು ಸೂರಿನ ಕಡೆ ಎತ್ತಿ ಹಿಡಿದು ನೆಟ್‌ವರ್ಕು ಹುಡುಕುತ್ತಿದ್ದರು. ಪ್ಯಾಂಟು, ರೈನ್‌ಕೋಟಿನಲ್ಲಿದ್ದ ನನ್ನನ್ನು ಕಂಡು ಕರೆದರು.

“ಅವ್ವ, ನೀನು ಓದ್ದೋಳ್ ಥರ ಕಾಣ್ತೀಯ. ಇದ್ಯಾಕೆ ನೆನ್ನೆ ಸಂಜೆಯಿಂದ ಕೆಂಪಗೆ ಬತ್ತಾ ಅದೆ, ಒಸಿ ನೋಡ್ಕೊಡು.”

ಕೆಂಪು ಅಕ್ಷರದಲ್ಲಿ ‘ವಂಚನೆಯ ಅನುಮಾನದಿಂದ ಈ ಖಾತೆಯನ್ನು ತಡೆಹಿಡಿಯಲಾಗಿದೆ’ ಎಂದಿತ್ತು. ಆ ವಾಕ್ಯ ಬರೆದುಕೊಟ್ಟವಳೂ ನಾನೇ. ಅಕ್ಷರ ಸಣ್ಣದಿದ್ದುದರಿಂದ ಅವರಿಗೆ ಓದಲು ಆಗಿರಲಿಲ್ಲ, ನೆಟ್‌ವರ್ಕಿನ ತೊಂದರೆ ಎಂದುಕೊಂಡಿದ್ದರು. ಪಿ. ತಾಯಮ್ಮ ಎಂದರೆ ಪುಟ್ಟತಾಯಮ್ಮ, ಆ ಡೈರಿಯಲ್ಲಿ ಹಾಲು ಅಳೆಯುವವರು. ನನ್ನ ಕೋಪ ಇನ್ನೂ ಪೂರ್ತಿ ಇಳಿದಿರಲಿಲ್ಲ. ದಿನಕ್ಕೆ ಮೂವತ್ತು ಸೀಟು ಹಿಡಿದು ಯಾರನ್ನಮ್ಮ ಕಳಿಸುತ್ತೀರಿ ಎಂದು ಗಡುಸಾಗಿಯೇ ಕೇಳಿದೆ. ಅವರಿಗೆ ಆ ಗಡುಸು ತಟ್ಟಲಿಲ್ಲ. ಮುಂದಿನ ಕ್ಯಾನಿನ ಹಾಲು ಸುರಿದುಕೊಳ್ಳುತ್ತಲೇ ಹೇಳುತ್ತ ಹೋದರು.

ನಾನು ನನ್ನ ಜೀವನದಲ್ಲಿ ಅಂಥದ್ದನ್ನು ಕೇಳಿಲ್ಲ. ಸೋಮವಾರ ಯಾರು, ಗುರುವಾರ ಯಾರು. ಕೋಟೆಯ ಆಸ್ಪತ್ರೆಗೆ ತಿಂಗಳಿಗೊಂದು ಸಲ ತೋರಿಸಲು ಹೋಗುವ ಬಸುರಿ ಮೂವರು, ಅವರಲ್ಲಿ ಯಾರಿಗೆ ವಾಂತಿ, ಯಾರನ್ನು ಮುಂದಿನ ಸೀಟಿನಲ್ಲೇ ಕೂರಿಸಬೇಕು. ಸರಗೂರಿಗೆ ಹೊಲಿಗೆ ಕಲಿಯಲು ಹೋಗುವ ಇಬ್ಬರು ಹೆಣ್ಣುಮಕ್ಕಳನ್ನು ಯಾರ ಕಾರಿನಲ್ಲಿ ಕಳಿಸಬಹುದು, ಯಾರ ಕಾರಿನಲ್ಲಿ ಕಳಿಸಬಾರದು. ಶುಂಠಿ ಹೊಲಕ್ಕೆ ಹೋಗುವ ಗುಂಪಿನಲ್ಲಿ ಯಾರು ಯಾರ ಪಕ್ಕ ಕೂರುವುದಿಲ್ಲ. ಒಂದು ಚೀಟಿಯಿಲ್ಲ, ಪುಸ್ತಕವಿಲ್ಲ, ಎಲ್ಲ ತಲೆಯಲ್ಲಿ. ಊರಿನ ಅರ್ಧ ಜನ ದಿನಕ್ಕೆರಡು ಸಲ ಹಾಲು ಹಿಡಿದು ಡೈರಿಗೆ ಬಂದೇ ಬರುತ್ತಾರೆ. ಕ್ಯಾನು ಮುಂದಿಟ್ಟು, ನಾಳೆ ನನಗೊಂದು ಸೀಟು ಎನ್ನುತ್ತಾರೆ. ಪುಟ್ಟತಾಯಮ್ಮ ಸರಿ ಎನ್ನುತ್ತಾರೆ. ಕಾರಿನವರನ್ನು ಸೇರಿಸಿದ್ದೂ ಅವರೇ. ಡೈರಿಯ ಪಕ್ಕದ ಟೀ ಅಂಗಡಿಯ ಮುಂದೆ ನಿಲ್ಲುತ್ತಿದ್ದ ಒಬ್ಬೊಬ್ಬರನ್ನೂ ಹಿಡಿದು, ಇದರಲ್ಲಿ ನಿನ್ನ ಹೆಸರು ಹಾಕಪ್ಪ ಎಂದು ಹಾಕಿಸಿದ್ದರು. ಕಾಸು ಮುಟ್ಟಲು ನಾಚುತ್ತಿದ್ದ ಕಾರಿನವರಿಗೆ ಇಳಿಯುವವರು ಒಂದು ಬಾಟಲಿ ಹಾಲನ್ನೋ, ನಾಲ್ಕು ಸೌತೆಕಾಯಿಯನ್ನೋ, ಕಟ್ಟು ಸೊಪ್ಪನ್ನೋ ಸೀಟಿನ ಮೇಲೆ ಇಟ್ಟು ಹೋಗುತ್ತಿದ್ದರು. ಆದ್ದರಿಂದಲೇ ಆ ಸೊನ್ನೆ. ಭೇರ್ಯದ ಜಗಲಿಯಲ್ಲಿ ನನಗೆ ಹೊಳೆಯದ ಉತ್ತರವನ್ನು ಇವರು ಯಾರನ್ನೂ ಕೇಳದೆ ಕಂಡುಕೊಂಡಿದ್ದರು.

ಇದನ್ನೆಲ್ಲ ಹೇಳಿ ಮುಗಿಸಿ ಪುಟ್ಟತಾಯಮ್ಮ ಕಟ್ಟೆಯ ಕಡೆ ಗಲ್ಲ ತೋರಿಸಿದರು. ಮಿಕ್ಕವರದು ಹೇಗೋ ಆಗುತ್ತದೆ, ಅಲ್ಲಿ ಕುಂತಿದ್ದಾರೆ ನೋಡು, ಅವರದು ಮಾತ್ರ ತಪ್ಪುವ ಹಾಗಿಲ್ಲ ಎಂದರು. ಕಟ್ಟೆಯ ಮೇಲೆ ಅರವತ್ತೈದರ ಒಬ್ಬರು ತಲೆಗೆ ಟವೆಲು ಸುತ್ತಿಕೊಂಡು, ಮಡಿಲಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು ಕೂತಿದ್ದರು. ಪಾದಗಳು ಚಪ್ಪಲಿಯ ಪಟ್ಟಿಯ ಎರಡೂ ಬದಿಗೆ ಊದಿಕೊಂಡಿದ್ದವು. ಅವರ ಹೆಸರು ಸಿದ್ದಪ್ಪ ಎಂದು ಸಾಲಿನಲ್ಲಿದ್ದ ಗೌರಮ್ಮ ಎಂಬಾಕೆ ನನ್ನ ಕಿವಿಯ ಹತ್ತಿರ ಹೇಳಿದಳು. ಮೂತ್ರಪಿಂಡ ಎರಡೂ ನಿಂತಿವೆ. ಸೋಮವಾರ, ಬುಧವಾರ, ಶುಕ್ರವಾರ ಮೈಸೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಲೇಬೇಕು, ಒಂಬತ್ತಕ್ಕೆ ಅಲ್ಲಿರಬೇಕು. ಒಂದು ಸರದಿ ತಪ್ಪಿದರೆ ಉಸಿರು ಕಟ್ಟುತ್ತದೆ. ಬಸ್ಸು ಇಲ್ಲಿಗೆ ಬರುವ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಒಮ್ಮೆ ನಿಂತಲ್ಲೇ ಬಿದ್ದು, ಮುಂದಿನ ಊರಿನಲ್ಲಿ ಇಳಿಸಿಬಿಟ್ಟಿದ್ದರು. ಅದಾದ ಮೇಲೆ ಸಿದ್ದಪ್ಪ ಇನ್ನು ಸಾಕು, ಹೋಗುವುದಿಲ್ಲ, ಆದಷ್ಟು ದಿನ ಆಗಲಿ ಎಂದು ಮನೆಯಲ್ಲಿ ಕೂತುಬಿಟ್ಟಿದ್ದರಂತೆ. ಈ ಸೀಟು ಸಿಕ್ಕ ಮೇಲೆ ಮೂರು ವಾರದಿಂದ ಒಂದು ದಿನವೂ ತಪ್ಪಿಸಿಲ್ಲ.

ಗಂಟೆ ಏಳೂ ಇಪ್ಪತ್ತು. ಅವರ ಏಳೂವರೆಯ ಸೀಟನ್ನು ಹಿಂದಿನ ಸಂಜೆ ರದ್ದು ಮಾಡಿದವಳು ನಾನು.

ಫೋನು ತೆರೆದೆ. ತಡೆ ತೆಗೆದೆ, ಕೆಂಪು ಹೋಯಿತು, ಆದರೆ ರದ್ದಾದ ಸೀಟುಗಳು ಮರಳಿ ಬರಲಿಲ್ಲ. ನವೀನನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಮೈಸೂರಿನ ಕಡೆ ಹೋಗುವ ಕಾರುಗಳೆಲ್ಲ ಸೀಟು ಬೇಡವೆಂದ ಮೇಲೆ ಇಲ್ಲಿ ಯಾಕೆ ನಿಲ್ಲುತ್ತವೆ, ಹಾಗೇ ಸೀದಾ ಹೋಗಿಬಿಡುತ್ತವೆ ಎಂದುಕೊಂಡೆ. ಸಿದ್ದಪ್ಪನವರ ಹತ್ತಿರ ಹೋಗಿ, ಬನ್ನಿ, ಸ್ಕೂಟಿಯಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದೆ. ಅವರು ಮಳೆಯನ್ನೊಮ್ಮೆ, ನನ್ನ ಸ್ಕೂಟಿಯನ್ನೊಮ್ಮೆ ನೋಡಿ ಸಣ್ಣಗೆ ನಕ್ಕರು. ಪರ್ವಾಗಿಲ್ಲ ಬುಡವ್ವ ಎಂದರು. ಆ ‘ಪರ್ವಾಗಿಲ್ಲ’ ಕೇಳಿ ನನಗೆ ಅಳು ಬಂತು. ಒಮ್ಮೆ ಸಾಕು ಎಂದು ಕೂತವರು, ಎರಡನೆಯ ಸಲ ಕೂರಲು ಅವರಿಗೆ ಎಷ್ಟು ಹೊತ್ತು ಬೇಕು?

ಆಗ ಒಂದು ಬಿಳಿ ಕಾರು ನಿಧಾನವಾಗಿ ಡೈರಿಯ ಮುಂದೆ ಬಂದು ನಿಂತಿತು. ಕೋಟೆಯಿಂದ ದಿನಾ ಮೈಸೂರಿಗೆ ಪಾಠ ಮಾಡಲು ಹೋಗುವ ಮೇಷ್ಟ್ರೊಬ್ಬರು ಗಾಜು ಇಳಿಸಿ, ಸಿದ್ದಪ್ಪನವರೇ ಹತ್ತಿ ಎಂದರು. ನಾನು ಓಡಿಹೋಗಿ, ಸರ್, ನಿಮಗೆ ರದ್ದಾಗಿದೆ ಎಂದು ಬರಲಿಲ್ಲವೇ ಎಂದು ಪೆದ್ದುಪೆದ್ದಾಗಿ ಕೇಳಿದೆ.

“ಬಂತಲ್ಲಮ್ಮ, ನಿನ್ನೆ ಸಂಜೇನೇ ಬಂತು,” ಎಂದರು ಮೇಷ್ಟ್ರು. “ಆದ್ರೆ ಇವತ್ತು ಬುಧವಾರ ಅಲ್ವಾ?”

ಅಷ್ಟೇ ಹೇಳಿದರು. ಸಿದ್ದಪ್ಪನವರು ಚೀಲ ಹಿಡಿದು ಹತ್ತಿದರು. ಹಿಂದಿನ ಸೀಟಿಗೆ ಇನ್ನಿಬ್ಬರು ಹತ್ತಿದರು. ಕಾರು ಹೋಯಿತು. ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಶುಂಠಿಯ ಪಿಕಪ್ಪು ಬಂದು ನಿಂತಿತು. ವಯನಾಡಿನ ಕಡೆಯ ಡ್ರೈವರು ತಲೆ ಹೊರಗೆ ಹಾಕಿ, “ಚೇಚಿ, ನಮ್ಮ ಚೇಟ್ಟನ್ ಹೋದ್ರಾ? ಕ್ಯಾನ್ಸಲ್ ಅಂತ ಬಂತು, ಯಾರೂ ನಿಲ್ಸದೆ ಹೋದ್ರೆ ಅಂತ ಬಂದೆ,” ಎಂದ. ಅಕ್ಕ, ಅಣ್ಣ ಎನ್ನುವುದು ಅವನ ಮಲಯಾಳದಲ್ಲಿ ಚೇಚಿ, ಚೇಟ್ಟನ್. ಸಿದ್ದಪ್ಪ ಹೋದರು ಎಂದಾಗ, ಸರಿ ಎಂದು ಶುಂಠಿ ಹೊಲದ ಹೆಂಗಸರನ್ನು ಹತ್ತಿಸಿಕೊಂಡು ಹೊರಟ. ಅವನ ಹಿಂದೆಯೇ ಒಂದು ಓಮ್ನಿ. ಅದರಲ್ಲಿ ಕೋಟೆಯ ಕಡೆಯ ಗಂಡ ಹೆಂಡತಿ, ಮೈಸೂರಿನ ಮದುವೆಗೆ ಹೊರಟವರು. ಅವರದೂ ಅದೇ ಪ್ರಶ್ನೆ. ಆಮೇಲೆ ಒಂದು ಜೀಪು, ಇನ್ನೆರಡು ಕಾರು. ಎಂಟು ಗಂಟೆಯೊಳಗೆ ಐದು ಗಾಡಿಗಳು ಒಂದರ ಹಿಂದೊಂದು ನಿಂತು, ಸಿದ್ದಪ್ಪ ಹೋದರೇ ಎಂದು ಕೇಳಿ ಹೋದವು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಒಬ್ಬೊಬ್ಬರೂ ತಾವೊಬ್ಬರೇ ನೆನಪಿಟ್ಟುಕೊಂಡಿದ್ದೇವೆ ಎಂದುಕೊಂಡು ಬಂದವರು. ಮಳೆಯಲ್ಲಿ ನಿಂತು ನಾನು ಅದನ್ನು ನೋಡಿದೆ. ದೇವಸ್ಥಾನದಲ್ಲಿ ಕೂಡ ನನಗೆ ಅಷ್ಟು ಮೈ ಜುಮ್ಮೆಂದದ್ದಿಲ್ಲ.

ಸಾಲು ಕರಗಿದ ಮೇಲೆ ಪುಟ್ಟತಾಯಮ್ಮನವರ ಮುಂದೆ ನಿಂತು, ತಡೆದವಳು ನಾನೇ ಎಂದು ಒಪ್ಪಿಕೊಂಡೆ. ಅವರು ಕ್ಯಾನು ತೊಳೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಬಯ್ದರೆ ಸಾಕು ಎನಿಸಿತು.

“ನನ್ ನಂಬ್ರು ನಿನ್ ಕೈಯಲ್ಲೇ ಇತ್ತಲ್ಲವ್ವ,” ಎಂದರು. “ಒಂದ್ ಪೋನ್ ಮಾಡಿ, ಯಾರಮ್ಮ ನೀನು ಅಂತ ಕೇಳ್ಬೋದಿತ್ತು.”

ಆಮೇಲೆ ಇನ್ನೊಂದು ಮಾತನ್ನೂ ಹೇಳಿದರು. ಆಪ್‌ನ ಚೀಟಿ ಅವರಿಗೆ ಕೊಟ್ಟವಳೂ ನಾನೇ ಅಂತೆ, ಹಂಪಾಪುರದ ಬಸ್ ನಿಲ್ದಾಣದಲ್ಲಿ. ಮುಖ ಕೂಡ ನೋಡದೆ ಕೈಗಿಟ್ಟು ಮುಂದೆ ಹೋಗಿದ್ದೆನಂತೆ. ನಾನು ಒಂದು ತಿಂಗಳು ಕಾರಿನ ಯಜಮಾನರ ಜಗಲಿಗಳಲ್ಲಿ ಕಾದಿದ್ದೆ. ನನ್ನ ಆಪ್ ಹೊತ್ತು ನಡೆಸುವವರು ಹಾಲಿನ ಕೈಯಲ್ಲಿ ಆ ಚೀಟಿ ಮಡಚಿಕೊಂಡು ಅಲ್ಲೇ ನಿಂತಿದ್ದರು. ಅಷ್ಟು ಹೇಳಿ ಅವರು ನನಗೆ ಒಂದು ಲೋಟ ಬಿಸಿ ಹಾಲು ಕೊಟ್ಟರು. ಕುಡಿದೆ. ಲೋಟವನ್ನು ನಾನೇ ತೊಳೆದು ಕೊಟ್ಟೆ.

ಮಧ್ಯಾಹ್ನ ನವೀನ ಸಿಕ್ಕ. ಆ ಒಂದು ನಂಬರಿನ ಹಿಂದೆ ನಲವತ್ಮೂರು ಜನರಿದ್ದಾರೆ ಎಂದು ಹೇಳಿದೆ. ಅವನು, ಇವರೇ ನಿಜವಾದ ಜನ ಎಂದು ನನಗೆ ಗೊತ್ತಾಯಿತು, ಆದರೆ ದುಡ್ಡು ಹಾಕುವವರಿಗೆ ಒಂದು ನಂಬರೆಂದರೆ ಒಬ್ಬರೇ. ಪ್ರತಿಯೊಬ್ಬರಿಗೂ ಅವರವರ ಫೋನು, ಅವರವರ ಹೆಸರು ಮಾಡಿಸು ಎಂದ. ಗೌರಿ ಹಬ್ಬಕ್ಕೆ ಹದಿನೈದು ದಿನವಿತ್ತು. ನಾನು ಹಂಪಾಪುರದಲ್ಲಿ ದೂರದ ನಂಟರೊಬ್ಬರ ಮನೆಯಲ್ಲಿ ಉಳಿದು, ಬೆಳಿಗ್ಗೆ ಸಂಜೆ ಡೈರಿಯ ಕಟ್ಟೆಯ ಮೇಲೆ ಕೂತೆ. ಹಾಲು ಹಿಡಿದು ಬಂದವರ ಮನೆಯ ಫೋನು, ಸೊಸೆಯ ಫೋನು, ಮಗಳ ಫೋನು ತರಿಸಿ ಒಂದೊಂದಾಗಿ ಹೆಸರು ಹಾಕಿದೆ. ಈ ಸಲ ಪ್ರತಿಯೊಬ್ಬರ ಮುಖ ನೋಡಿ, ಯಾರು, ಎಲ್ಲಿಗೆ, ಯಾಕೆ ಎಂದು ಕೇಳಿ ಹಾಕಿದೆ. ನನ್ನ ಕೋಪ ಆ ಹದಿನೈದು ದಿನ ಎಲ್ಲಿಗೆ ಹೋಗಿತ್ತೋ ಗೊತ್ತಿಲ್ಲ.

ಅಲ್ಲಿ ಕೂತದ್ದರಿಂದಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಪುಟ್ಟತಾಯಮ್ಮನೂ ಸಿದ್ದಪ್ಪನವರೂ ಒಬ್ಬರ ಜೊತೆ ಒಬ್ಬರು ಮಾತಾಡುವುದಿಲ್ಲ. ಸಿದ್ದಪ್ಪ ಕ್ಯಾನು ತಂದು ಇಡುತ್ತಾರೆ. ಪುಟ್ಟತಾಯಮ್ಮ ಅಳೆದು, ಯಂತ್ರದ ಕಡೆ ನೋಡುತ್ತ ಲೀಟರು ಹೇಳುತ್ತಾರೆ, ಆ ಯಂತ್ರಕ್ಕೇ ಹೇಳಿದ ಹಾಗೆ. ಸಿದ್ದಪ್ಪ ಹಿಂದೆ ನಿಂತ ಗೌರಮ್ಮನ ಕಡೆ ತಿರುಗಿ, ಶುಕ್ರವಾರ ಏಳೂವರೆ ಎನ್ನುತ್ತಾರೆ. ಗೌರಮ್ಮ ಆಕಳಿಸುತ್ತ ಸುಮ್ಮನಿರುತ್ತಾಳೆ, ಹೇಳಿದ್ದು ತನಗಲ್ಲ ಎಂದು ಅವಳಿಗೆ ಗೊತ್ತು. ಗೌರಮ್ಮನನ್ನೇ ಕೇಳಿದೆ. ಪುಟ್ಟತಾಯಮ್ಮನ ಗಂಡನೂ ಸಿದ್ದಪ್ಪನೂ ಅಣ್ಣತಮ್ಮಂದಿರ ಮಕ್ಕಳು. ಬದುವಿನ ಮೇಲಿದ್ದ ಒಂದು ಹುಣಸೆ ಮರ ಯಾರದೆಂದು ಜಗಳ ಬಂದು ಎರಡು ಮನೆಗೂ ಮಾತು ನಿಂತು ಹನ್ನೊಂದು ವರ್ಷ. ಮರವನ್ನು ಆಗಲೇ ಕಡಿದಾಗಿದೆ. ನಾಲ್ಕು ವರ್ಷದ ಹಿಂದೆ ಪುಟ್ಟತಾಯಮ್ಮನ ಗಂಡ ತೀರಿಕೊಂಡಾಗ ಸಿದ್ದಪ್ಪ ಹೆಗಲು ಕೊಡಲೂ ಬರಲಿಲ್ಲ. ಊರೆಲ್ಲ ಬಂದ ಮನೆಗೆ ಎದುರು ಮನೆಯವರು ಬರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಒಂದು ಸಂಜೆ ಪುಟ್ಟತಾಯಮ್ಮ ಒಬ್ಬರೇ ಇದ್ದಾಗ, ಅಂಥವರಿಗೆ ನೀವು ಸೀಟು ಹಿಡಿದದ್ದು ಹೇಗೆ ಎಂದು ಕೇಳಿದೆ. ಅವರು ಒರೆಸುತ್ತಿದ್ದ ಬಟ್ಟೆಯನ್ನು ಹಿಂಡಿದರು. ಒಂದು ದಿನ ಸಿದ್ದಪ್ಪ ಸಾಲಿನಲ್ಲಿ ನಿಂತು, ಇನ್ನು ಮೈಸೂರಿಗೆ ಹೋಗುವುದಿಲ್ಲ, ಸಾಕು ಎಂದು ಯಾರಿಗೋ ಹೇಳುತ್ತಿದ್ದದ್ದು ಕಿವಿಗೆ ಬಿತ್ತಂತೆ. ಮುಂದಿನ ಸೋಮವಾರ ಮೇಷ್ಟ್ರ ಕಾರು ಸಿದ್ದಪ್ಪನ ಬಾಗಿಲಿಗೇ ಹೋಗುವ ಹಾಗೆ ಮಾಡಿದರಂತೆ. ಕರೆದದ್ದು ಯಾರೆಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ.

“ಮಾತು ಬುಟ್ಟಿದ್ದು ಬುಟ್ಟಿದ್ದೇ ಕಣವ್ವ,” ಎಂದರು. “ಸಾಯ್ಲಿ ಅಂತ ಅಂದಿಲ್ವಲ್ಲ.”

ಗೌರಿ ಹಬ್ಬಕ್ಕೆ ಐದು ದಿನ ಇರುವಾಗ ನಲವತ್ತೆರಡು ಹೆಸರು ನಲವತ್ತೆರಡು ಫೋನಿಗೆ ಸೇರಿದ್ದವು. ಉಳಿದವರು ಸಿದ್ದಪ್ಪ ಒಬ್ಬರೇ. ಬೆಳಿಗ್ಗೆ ಡೈರಿಯ ಸಾಲು ತುಂಬಿತ್ತು. ಅವರ ಸೊಸೆಗೆ ಒಳ್ಳೆಯ ಫೋನಿದೆಯೆಂದು ನನಗೆ ಗೊತ್ತಿತ್ತು. ಅದನ್ನು ತಂದರೆ ಎರಡೇ ನಿಮಿಷದ ಕೆಲಸ, ಇನ್ನು ಮುಂದೆ ಯಾರನ್ನೂ ಕೇಳದೆ ನೀವೇ ಸೀಟು ಹಿಡಿಯಬಹುದು ಎಂದು ವಿವರಿಸಿದೆ. ಒಳ್ಳೆಯದನ್ನೇ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಸಿದ್ದಪ್ಪ ತಲೆಯ ಟವೆಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಬೇಡ ಎಂದರು. ಯಾಕೆ ಎಂದೆ. ಸೊಸೆ ಕೊಡುವುದಿಲ್ಲವೇ, ನಾನು ಮಾತಾಡಲೇ ಎಂದೆ. ಅವರು ನೆಲ ನೋಡುತ್ತ ನನಗೇ ಹೇಳಿದರು, ಆದರೆ ಇಡೀ ಸಾಲಿಗೆ ಕೇಳುವಷ್ಟು ಗಟ್ಟಿಯಾಗಿ.

“ನನ್ ಹೆಸ್ರು ಈ ಮನೆ ಪೋನ್ನಲ್ಲೇ ಇರ್ಲಿ ಕಣವ್ವ.”

ಈ ಮನೆ ಎಂದರೆ ಯಾವ ಮನೆ ಎಂದು ಅಲ್ಲಿ ನಿಂತವರಿಗೆಲ್ಲ ಗೊತ್ತಿತ್ತು. ಗೌರಮ್ಮ ಆಕಳಿಸಲು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡಳು. ನನಗೆ ನವೀನನ ಪಟ್ಟಿ, ದುಡ್ಡು ಹಾಕುವವರು, ಗಡುವು ಎಲ್ಲ ಮರೆತೇಹೋಯಿತು. ತೆರೆದಿದ್ದ ಫೋನನ್ನು ಮುಚ್ಚಿ ಜೇಬಿಗೆ ಹಾಕಿಕೊಂಡೆ.

ಒಳಗೆ ಪುಟ್ಟತಾಯಮ್ಮ ಸಿದ್ದಪ್ಪನ ಕ್ಯಾನು ಎತ್ತಿ ಹಾಲು ಸುರಿದುಕೊಂಡರು. ಯಂತ್ರದಲ್ಲಿ ಅಂಕಿ ಬಂತು. ಅವರು ಅದನ್ನು ನೋಡಲಿಲ್ಲ. ಖಾಲಿ ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿ, ನೇರವಾಗಿ ಅವರ ಮುಖ ನೋಡಿ ಕೇಳಿದರು.

“ನಾಳಿದ್ದು ಏಟೊತ್ಗೆ ಓಯ್ತೀರಿ, ಬಾವ?”

ಸಿದ್ದಪ್ಪ ಕ್ಯಾನಿಗೆ ಕೈ ಹಾಕಿದರು, ಆದರೆ ಎಳೆದುಕೊಳ್ಳಲಿಲ್ಲ. ಪುಟ್ಟತಾಯಮ್ಮ ಬಿಡದೆ ಹಿಡಿದೇ ಇದ್ದರು.

“ಏಳೂವರ್ಗೆ ಕಣವ್ವ,” ಎಂದರು ಅವರು.